ಕೆನಾಲಿಗೆ ನೀರಿಲ್ಲದ ವರ್ಷದ ಹಬ್ಬಗಳು

ನಮ್ಮ ರಾಯಚೂರು ಸೀಮೆಯಲ್ಲಿ ಹಬ್ಬದ ಸಾಲು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಅಂತ ಹೇಳುವುದು ಕಷ್ಟ. ದಸರೆಗೆ ಬನ್ನಿ ಕೊಟ್ಟು ಹಿರಿಯರ ಕಾಲಿಗೆ ಬೀಳುವಲ್ಲಿಂದ ಶುರು ಅಂದುಕೊಳ್ಳಿ. ಅದರ ಬೆನ್ನಿಗೇ ಶೀಗಿ ಹುಣ್ಣಿಮೆ, ದೀಪಾವಳಿ. ಆಮೇಲೆ ಭತ್ತದ ಕೊಯ್ಲಿನ ಗಡಿಬಿಡಿಯಲ್ಲಿ ಒಂದಷ್ಟು ದಿನ ಯಾರಿಗೂ ಹಬ್ಬದ ನೆನಪಿರುವುದಿಲ್ಲ. ಡಿಸೆಂಬರ್ ಬಂತು ಅಂದರೆ ಎಳ್ಳ ಅಮಾವಾಸ್ಯೆ. ಮುದಗಲ್‌ನಂಥ ಕಡೆ ತಲೆತಲಾಂತರದಿಂದ ಇರುವ ಕ್ರೈಸ್ತ ಕುಟುಂಬಗಳ ಮನೆಯಲ್ಲಿ ಕ್ರಿಸ್‌ಮಸ್. ಹೊಸ ವರ್ಷ ಹುಟ್ಟಿ ಮೈಮುರಿಯುವಷ್ಟರಲ್ಲಿ ಕೊಪ್ಪಳದ ಗವಿಸಿದ್ಧೇಶ್ವರ ಅಜ್ಜನ ಜಾತ್ರೆ, ಸಂಕ್ರಾಂತಿ. ಮನೆಯ ಹೆಣ್ಣುಮಕ್ಕಳಿಗೆ ಇದು ಹಿಟ್ಟು, ಬೆಲ್ಲ, ಎಣ್ಣೆ, ಬೆನ್ನುನೋವಿನ ಕಾಲ. ಖುಷಿ ಇಲ್ಲ ಅಂತಲ್ಲ. ಆದರೆ ಕೂತು ಯೋಚನೆ ಮಾಡುವ ಕಾಲವಂತೂ ಅಲ್ಲ.

ಇಂಥ ಹೊತ್ತಿನಲ್ಲಿ ಬೆಂಗಳೂರಲ್ಲಿರುವ ಮಗಳು ಫೋನ್ ಮಾಡಿ, 'ಅವ್ವ, ದಿನಾ ರಾತ್ರಿ ಮಲಗೋ ಮುಂಚೆ ಮೂರು ಒಳ್ಳೇದು ಬರಿ' ಅಂದಳು. ಅವಳ ಆಫೀಸಿನಲ್ಲಿ ವರ್ಷದ ಕೊನೆಗೆ ಎಲ್ಲರೂ ಹಾಗೆ ಬರೆಯುತ್ತಾರಂತೆ. ಇವತ್ತು ಯಾವುದಕ್ಕೆ ಋಣಿ, ಯಾರಿಗೆ ಋಣಿ, ಅಷ್ಟೇ. ಸುಮ್ನೆ ಒಂದು ನೋಟ್‌ಬುಕ್ ಸಾಕು ಅಂದಳು. ನಾನು ಮಾನ್ವಿ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯ ಟೀಚರ್. ನೋಟ್‌ಬುಕ್‌ಗೆ ನಮ್ಮಲ್ಲಿ ಬರವಿಲ್ಲ. ಬರವಿದ್ದದ್ದು ಒಳ್ಳೆಯದಕ್ಕೆ ಅಂತ ಅವತ್ತು ಅನ್ನಿಸಿತ್ತು.

ಯಾಕೆಂದರೆ ಈ ಸಲ ಎರಡನೇ ಬೆಳೆಗೆ ನೀರಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಮೇಲೆ ಬದುಕುವವರಿಗೆ ಈ ಒಂದು ಮಾತು ಸಾಕು. ಉಳಿದವರಿಗಾಗಿ ಸ್ವಲ್ಪ ಹೇಳುತ್ತೇನೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ಉಳಿದ ಗೇಟುಗಳ ಮೇಲೆ ಒತ್ತಡ ಬೀಳಬಾರದೆಂದು ಅವನ್ನೂ ತೆಗೆದು ನೀರು ಬಿಟ್ಟರು. ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮುಂದಾಳತ್ವದಲ್ಲಿ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆಗಳನ್ನು ಇಳಿಸಿ ಒಂದು ವಾರದ ಆಸುಪಾಸಿನಲ್ಲಿ ಆ ಬಾಯಿ ಮುಚ್ಚಿದರು. ಆ ವರ್ಷ ಮಳೆ ಕೈಹಿಡಿಯಿತು, ಡ್ಯಾಂ ಮತ್ತೆ ತುಂಬಿತು. ಆದರೆ 1953ರಲ್ಲಿ ಮುಗಿದ ಅಣೆಕಟ್ಟು ಅದು. ಗೇಟುಗಳಿಗೆಲ್ಲ ವಯಸ್ಸಾಗಿತ್ತು. ಹಾಗಾಗಿ 2025ರಲ್ಲಿ ಡ್ಯಾಂ ಪೂರ್ತಿ ತುಂಬಿಸಲಿಲ್ಲ. ಎಲ್ಲಾ 33 ಗೇಟುಗಳನ್ನೂ ಬದಲಿಸಬೇಕು, ಅದಕ್ಕಾಗಿ ಎರಡನೇ ಬೆಳೆಗೆ ನೀರು ಬಿಡುವುದಿಲ್ಲ ಎಂದು ತೀರ್ಮಾನವಾಯಿತು.

ಇದು ಬೇಕಾದ ಕೆಲಸವೇ. ಯಾರೂ ಬೇಡ ಅನ್ನುವುದಿಲ್ಲ. ಆದರೆ ಡಿಸೆಂಬರ್‌ನಲ್ಲಿ ಸಸಿ ಮಡಿ ಹಾಕಬೇಕಾದವರು ಕೈಕಟ್ಟಿ ಕೂತಿದ್ದರು. ನಾಟಿ ಹಚ್ಚುವ ಕೂಲಿಯವರಿಗೆ ಕೆಲಸ ಇಲ್ಲ. ಭತ್ತ ಇಲ್ಲ ಅಂದರೆ ಗೊಬ್ಬರದ ಅಂಗಡಿ, ಟ್ರ್ಯಾಕ್ಟರ್, ಕಾರಟಗಿ ಗಂಗಾವತಿಯ ರೈಸ್‌ಮಿಲ್ಲು, ಎಲ್ಲದಕ್ಕೂ ಬಿಸಿ ತಟ್ಟುತ್ತದೆ. ಇಂಥ ವರ್ಷದಲ್ಲಿ ದಿನಾ ರಾತ್ರಿ ಕೂತು ಒಳ್ಳೆಯದನ್ನು ಬರೆಯಬೇಕು ಅಂದರೆ ನಗು ಬರುವುದಿಲ್ಲವೇ? ನಮ್ಮ ಗದ್ದೆ ಇರುವುದು ಕಾಲುವೆಯ ಕೊನೆ ಭಾಗದಲ್ಲಿ. ಒಳ್ಳೆ ವರ್ಷದಲ್ಲೇ ನೀರು ಬಂದರೆ ಬಂತು ಎನ್ನುವ ಜಾಗ. ಊರಾಚೆ ಸ್ವಲ್ಪ ಎರೆಹೊಲವೂ ಇದೆ. ಅದರಲ್ಲಿ ಬಿಳಿಜೋಳ, ಕಡಲೆ. ಈ ಹಂಗಾಮಿನಲ್ಲಿ ನಮ್ಮ ಮಾನ ಕಾಪಾಡಿದ್ದು ಅದೇ.

ಮಗಳ ಮಾತಿಗೆ ಬರೆಯಲು ಕೂತೆ. ಮೊದಮೊದಲು ಬರೆದದ್ದು ಬಹಳ ನೀರಸ. ಆರೋಗ್ಯ ಇದೆ. ಮನೆಯವರು ಚೆನ್ನಾಗಿದ್ದಾರೆ. ನೌಕರಿ ಇದೆ. ಮರುದಿನವೂ ಅದೇ. ಅದರ ಮರುದಿನವೂ ಅದೇ. ನನ್ನ ಕ್ಲಾಸಿನ ಮಕ್ಕಳು 'ನನ್ನ ಮೆಚ್ಚಿನ ಹಬ್ಬ' ಪ್ರಬಂಧವನ್ನು ಹೀಗೇ ಬರೆಯುತ್ತಾರೆ. ಅವರಿಗೆ ಬೈದು ತಿದ್ದಿಸುವ ನಾನೇ ಹೀಗೆ ಬರೆದರೆ ಹೇಗೆ? ಈ ಪದ್ಧತಿ ಎಲ್ಲಿಂದ ಬಂತು, ಮಾಡಿದವರಿಗೆ ಏನಾಯಿತು ಅಂತ ಹುಡುಕತೊಡಗಿದೆ. ಟೀಚರ್ ಬುದ್ಧಿ, ಎಲ್ಲಿ ಹೋಗುತ್ತದೆ.

ರಾಬರ್ಟ್ ಎಮ್ಮನ್ಸ್, ಮೈಕೆಲ್ ಮೆಕಲೊ ಎಂಬ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು 2003ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿ ಹತ್ತು ವಾರ, ವಾರಕ್ಕೊಮ್ಮೆ ಬರೆಸಿದರು. ಒಂದು ಗುಂಪು ತಮಗೆ ದಕ್ಕಿದ ಒಳ್ಳೆಯದನ್ನು ಬರೆಯಬೇಕು. ಇನ್ನೊಂದು ಗುಂಪು ಕಿರಿಕಿರಿಗಳನ್ನು. ಮೂರನೆಯದು ಸುಮ್ನೆ ಆ ವಾರ ನಡೆದದ್ದನ್ನು. ಒಳ್ಳೆಯದನ್ನು ಬರೆದವರಿಗೆ ತಮ್ಮ ಬದುಕಿನ ಬಗ್ಗೆ ಸಮಾಧಾನ ಜಾಸ್ತಿ ಇತ್ತು. ತಲೆನೋವು, ಮೈಕೈ ನೋವಿನಂಥ ದೂರುಗಳೂ ಅವರಲ್ಲಿ ಕಡಿಮೆ. ನರ ಮತ್ತು ಸ್ನಾಯುವಿನ ಕಾಯಿಲೆ ಇದ್ದವರ ಕೈಯಲ್ಲಿ 21 ದಿನ ಬರೆಸಿದಾಗಲೂ ಅವರ ಮನಸ್ಸು ಹಗುರಾಗಿದ್ದು ಕಂಡಿತು. ನನಗೆ ಹಿಡಿಸಿದ್ದು ಈ ಕೊನೆಯದೇ. ಎಲ್ಲ ನೆಟ್ಟಗಿರುವವರಿಗೆ ಖುಷಿಯಾಗಿರಿ ಅನ್ನುವುದು ದೊಡ್ಡ ಮಾತಲ್ಲ.

2005ರಲ್ಲಿ ಮಾರ್ಟಿನ್ ಸೆಲಿಗ್‌ಮನ್ ಮತ್ತು ಜೊತೆಯವರು ಇದಕ್ಕೆ ಒಂದು ಪ್ರಶ್ನೆ ಸೇರಿಸಿದರು. ರಾತ್ರಿ ಮೂರು ಒಳ್ಳೆಯದನ್ನು ಬರೆಯಿರಿ, ಪ್ರತಿಯೊಂದರ ಮುಂದೆಯೂ ಅದು ಯಾಕೆ ಆಯಿತು ಅಂತ ಬರೆಯಿರಿ. ಒಂದೇ ವಾರ ಹೀಗೆ ಬರೆದವರಲ್ಲಿ ಆರು ತಿಂಗಳವರೆಗೂ ಅದರ ಗುಣ ಕಂಡಿತಂತೆ. ಹಾಗಂತ ಇದು ಔಷಧಿಯೇನಲ್ಲ. ಇಂಥ ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದವರು ಪರಿಣಾಮ ಸಾಧಾರಣ ಎಂದಿದ್ದಾರೆ. ಸೋನ್ಯಾ ಲ್ಯುಬೊಮಿರ್ಸ್ಕಿ ಎಂಬ ಸಂಶೋಧಕಿ ಕಂಡದ್ದೇನೆಂದರೆ, ವಾರಕ್ಕೊಮ್ಮೆ ಬರೆದವರಿಗೆ ಉಪಯೋಗವಾಯಿತು, ವಾರಕ್ಕೆ ಮೂರು ಸಲ ಬರೆದವರಿಗೆ ಆಗಲಿಲ್ಲ. ಜಾಸ್ತಿ ಮಾಡಿದರೆ ಅದೂ ರೂಢಿಯ ಪಾಠವಾಗಿಬಿಡುತ್ತದೆ, ಬೆಳಗಿನ ಪ್ರಾರ್ಥನೆಯಲ್ಲಿ ಮಕ್ಕಳು ಆಕಳಿಸುತ್ತಾ ಹಾಡಿದ ಹಾಗೆ.

ಆದರೂ ನಾನು ದಿನಾ ಬರೆಯುವುದನ್ನು ಬಿಡಲಿಲ್ಲ. ಬದಲಿಗೆ ಸೆಲಿಗ್‌ಮನ್ನರ 'ಯಾಕೆ'ಯನ್ನು ಸ್ವಲ್ಪ ತಿರುಗಿಸಿ 'ಯಾರು' ಅಂತ ಮಾಡಿಕೊಂಡೆ. ಈ ಒಳ್ಳೆಯದು ಯಾರ ಕೈಯಿಂದ ಬಂತು? ಅಲ್ಲಿಂದ ನೋಟ್‌ಬುಕ್ಕಿನ ಬಣ್ಣವೇ ಬದಲಾಯಿತು.

ಒಂದು ರಾತ್ರಿ 'ಕರೆಂಟ್ ಇತ್ತು' ಅಂತ ಬರೆದೆ. ನಗಬೇಡಿ, ನಮ್ಮ ಕಡೆ ಇದು ಬರೆಯುವಂಥ ವಿಷಯವೇ. ಯಾರಿಂದ ಅಂತ ಕೇಳಿಕೊಂಡಾಗ ಶಕ್ತಿನಗರ ನೆನಪಾಯಿತು. ಕೃಷ್ಣಾ ನದಿಯ ದಂಡೆಯ ಮೇಲೆ, ರಾಯಚೂರಿಂದ ಹೈದರಾಬಾದ್ ದಾರಿಯಲ್ಲಿ, ಎಂಟು ಘಟಕಗಳ ಶಾಖೋತ್ಪನ್ನ ಕೇಂದ್ರ. 1985ರಲ್ಲಿ ಮೊದಲ ಘಟಕ ಶುರುವಾಗಿದ್ದು, ಈಗ ಎಲ್ಲಾ ಸೇರಿ 1,720 ಮೆಗಾವ್ಯಾಟ್. ಸಿಂಗರೇಣಿಯ ಗಣಿಯಿಂದ ಕಲ್ಲಿದ್ದಲು ರೈಲಿನಲ್ಲಿ ಬರುತ್ತದೆ. ಅಲ್ಲಿ ನೆಲದೊಳಗೆ ಇಳಿದವನು ಯಾರೋ, ಇಲ್ಲಿ ರಾತ್ರಿ ಪಾಳಿಯಲ್ಲಿ ಬಾಯ್ಲರ್ ಮುಂದೆ ನಿಂತವನು ಯಾರೋ. ಹಾರುಬೂದಿ ಕುಡಿಯುವ ಸುತ್ತಲಿನ ಹಳ್ಳಿಯವರು ಯಾರೋ. ನಾನು ಇಲ್ಲಿ ಬಲ್ಬಿನ ಕೆಳಗೆ ಕೂತು ಒಳ್ಳೆಯದನ್ನು ಎಣಿಸುತ್ತಿದ್ದೇನೆ. ಆ ಸಾಲು ಒಂದು ಪುಟಕ್ಕೂ ಮುಗಿಯಲಿಲ್ಲ.

ಇನ್ನೊಂದು ರಾತ್ರಿ ಅನ್ನದ ಬಗ್ಗೆ ಬರೆದೆ. ಗದ್ದೆ, ನೀರು, ಕಾಲುವೆ, ಡ್ಯಾಂ ಅಂತ ಹಿಂದೆ ಹಿಂದೆ ಹೋದೆ. 1945ರಲ್ಲಿ ಡ್ಯಾಂ ಕೆಲಸ ಶುರುವಾದಾಗ ಈ ದಂಡೆ ನಿಜಾಮರ ಹೈದರಾಬಾದ್, ಆ ದಂಡೆ ಮದ್ರಾಸ್. ಕಟ್ಟಿ ಮುಗಿಯುವ ಹೊತ್ತಿಗೆ ಹತ್ತಾರು ಹಳ್ಳಿಗಳು ನೀರಿನಡಿ ಹೋಗಿದ್ದವು. ಆ ಊರುಗಳ ಜನ ತಮ್ಮ ಹೊಲ, ದೇವರು, ಹಿರಿಯರ ಸಮಾಧಿ ಎಲ್ಲಾ ಬಿಟ್ಟು ಎದ್ದು ಬಂದಿದ್ದಕ್ಕೆ ನಮ್ಮ ಅಜ್ಜನ ಹೊಲಕ್ಕೆ ನೀರು ಬಂತು. ನಮ್ಮ ಮನೆಯಲ್ಲಿ ಈ ಮಾತನ್ನು ಯಾರೂ ಆಡಿದ್ದು ನಾನು ಕೇಳಿಲ್ಲ. ಗಂಗಮ್ಮನಿಗೆ ಕೈ ಮುಗಿಯುತ್ತೇವೆ, ಬಾಗಿನ ಬಿಡುತ್ತೇವೆ. ಮುಳುಗಿದ ಊರಿನ ಹೆಸರು ಒಂದೂ ನಮಗೆ ಬಾಯಿಗೆ ಬರುವುದಿಲ್ಲ.

ಇಲ್ಲಿ ಒಂದು ವಿಷಯ ಹೇಳಬೇಕು. ಈ ಬರೆಯುವ ಕೆಲಸದಲ್ಲಿ ನನಗೆ ಕಂಡ ದೊಡ್ಡ ಅಪಾಯ ಅದು. ಡಿಸೆಂಬರ್ ಮೊದಲಿಗೆ ಒಂದು ಸಭೆಗೆ ಹೋಗಿದ್ದೆ. ವೇದಿಕೆ ಮೇಲಿದ್ದ ಒಬ್ಬರು ರೈತರಿಗೆ, 'ಇದ್ದದ್ದರಲ್ಲಿ ತೃಪ್ತಿ ಪಡುವುದನ್ನು ಕಲಿಯಿರಿ, ಆಸೆಯೇ ದುಃಖಕ್ಕೆ ಮೂಲ' ಅಂತ ಉಪದೇಶ ಮಾಡಿದರು. ಅವರ ಮಾತಿಗೆ ಚಪ್ಪಾಳೆಯೂ ಬಿತ್ತು. ನನಗೆ ಮೈ ಉರಿಯಿತು. ಕಾಲುವೆ ಕೊನೆಯ ರೈತ ಕೇಳುತ್ತಿರುವುದು ಬಂಗಾರವಲ್ಲ. ತನ್ನ ಪಾಲಿನ ನೀರು. ಮೇಲಿನವರು ಅಕ್ರಮವಾಗಿ ಪೈಪು ಹಾಕಿ ಎಳೆದುಕೊಂಡ ಮೇಲೆ ಉಳಿದದ್ದಕ್ಕೆ ಕೈಮುಗಿ ಅನ್ನುವುದು ಋಣ ನೆನೆಯುವುದಲ್ಲ, ಬಾಯಿ ಮುಚ್ಚಿಸುವುದು.

ಅಲ್ಲೇ ಕೂತು ಆಯ್ದಕ್ಕಿ ಲಕ್ಕಮ್ಮನನ್ನು ನೆನೆದೆ. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವಳು ಅವಳು, ನಮ್ಮವಳೇ. ಗಂಡ ಮಾರಯ್ಯನ ಜೊತೆ ಕಲ್ಯಾಣಕ್ಕೆ ಹೋಗಿ, ಬಿದ್ದ ಅಕ್ಕಿ ಆಯ್ದು ತಂದು ದಾಸೋಹ ಮಾಡುವ ಕಾಯಕ ಹಿಡಿದವಳು. ಒಂದು ದಿನ ಮಾರಯ್ಯ ಎಂದಿಗಿಂತ ಜಾಸ್ತಿ ಅಕ್ಕಿ ತಂದ. ಇಷ್ಟು ನಮಗ್ಯಾಕೆ, ಜಾಸ್ತಿ ಇದ್ದದ್ದನ್ನು ಅಲ್ಲೇ ಸುರಿದು ಬಾ ಅಂತ ಅವಳು ವಾಪಸ್ ಕಳಿಸಿದಳು. ಈ ಕಥೆಯನ್ನು ನಾವು ಶಾಲೆಯಲ್ಲಿ ಸರಳತೆಯ ಪಾಠ ಅಂತ ಹೇಳಿಕೊಡುತ್ತೇವೆ. ಆದರೆ ಗಮನಿಸಿ. ಲಕ್ಕಮ್ಮ ಇನ್ನೊಬ್ಬರ ಮನೆಗೆ ಹೋಗಿ ನಿಮಗೆ ಇಷ್ಟು ಸಾಕು ಅಂತ ಹೇಳಲಿಲ್ಲ. ತನ್ನ ಮನೆಗೆ ಬಂದ ಅಕ್ಕಿಯನ್ನು ತಾನೇ ಅಳೆದಳು. ಸಾಕು ಅನ್ನುವ ಮಾತು ಅವರವರ ಬಾಯಿಂದ ಬಂದರೆ ಮಾತ್ರ ಚೆಂದ, ಅಲ್ವಾ? ವೇದಿಕೆ ಮೇಲಿಂದ ಬಂದರೆ ಅದಕ್ಕೆ ಬೇರೆ ವಾಸನೆ.

ಹಾಗಾಗಿ ನನ್ನ ನೋಟ್‌ಬುಕ್ಕಿನ ಎಡಪುಟದಲ್ಲಿ ಋಣ, ಬಲಪುಟದಲ್ಲಿ ತಕರಾರು ಅಂತ ಮಾಡಿಕೊಂಡೆ. ಮಗಳು ಕೇಳಿ, 'ಅವ್ವ, ಹಂಗ ಮಾಡಂಗಿಲ್ಲ' ಅಂದಳು. ಯಾಕೆ ಮಾಡಬಾರದು? ಅಮೆರಿಕದವರ ಥ್ಯಾಂಕ್ಸ್‌ಗಿವಿಂಗ್ ಹಬ್ಬವನ್ನೇ ನೋಡಿ. ನವೆಂಬರ್‌ನ ನಾಲ್ಕನೇ ಗುರುವಾರ, ಟರ್ಕಿ ಕೋಳಿ, ಮನೆಮಂದಿ, ಅಲ್ಲಿಂದ ಹೊಸ ವರ್ಷದವರೆಗೆ ಅವರ ಹಬ್ಬದ ಸೀಸನ್. ಈಗ ಕೇಳಿದರೆ ಬರೀ ಊಟ, ರಜೆ, ಆಫರ್ ಅನ್ನಿಸುತ್ತದೆ. ಆದರೆ ಅಬ್ರಹಾಂ ಲಿಂಕನ್ ಅದನ್ನು ಇಡೀ ದೇಶದ ಹಬ್ಬ ಅಂತ ಸಾರಿದ್ದು 1863ರಲ್ಲಿ, ಅಂತರ್ಯುದ್ಧ ನಡೆಯುತ್ತಿದ್ದಾಗ. ಆ ಘೋಷಣೆಯಲ್ಲಿ ಒಳ್ಳೆ ಬೆಳೆಗೆ ವಂದನೆ ಇದೆ. ಗಂಡನನ್ನು, ತಂದೆಯನ್ನು ಕಳೆದುಕೊಂಡವರ ನೆನಪೂ ಇದೆ. ಎರಡೂ ಒಂದೇ ಕಾಗದದಲ್ಲಿ. ನನ್ನ ಎಡಪುಟ ಬಲಪುಟವೂ ಅಷ್ಟೇ.

ಎಳ್ಳ ಅಮಾವಾಸ್ಯೆ ಬಂತು. ಹೊರಗಿನವರಿಗೆ ಈ ಹಬ್ಬ ಅಷ್ಟು ಗೊತ್ತಿಲ್ಲ. ಗೊತ್ತಿದ್ದರೂ ತಿನ್ನುವ ಹಬ್ಬ ಅಂತ ಗೊತ್ತಿದೆ. ಮಾರ್ಗಶಿರದ ಕೊನೆಗೆ ಬರುವ ಈ ಅಮಾವಾಸ್ಯೆಗೆ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಹಿಂದಿನ ದಿನದಿಂದಲೇ ಒಲೆ ಆರುವುದಿಲ್ಲ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಕಡುಬು, ಶೇಂಗಾದ ಹೋಳಿಗೆ, ಎಣ್ಣೆಗಾಯಿ, ಪುಂಡಿಪಲ್ಯ, ಕಾಳುಪಲ್ಯ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಗಟ್ಟಿ ಮೊಸರು. ಬುಟ್ಟಿ ತುಂಬಿ ಮೇಲೆ ಬಿಳಿ ಬಟ್ಟೆ ಕಟ್ಟಿ, ಎತ್ತಿನ ಬಂಡಿ ಇದ್ದವರು ಬಂಡಿಯಲ್ಲಿ, ಇಲ್ಲದವರು ಟ್ರ್ಯಾಕ್ಟರ್‌ನಲ್ಲಿ, ಆಟೋದಲ್ಲಿ, ಬೈಕಿನಲ್ಲಿ. ಹೊಲದ ಬನ್ನಿಗಿಡದ ಬುಡದಲ್ಲಿ ಐದು ಕಲ್ಲು ಇಟ್ಟು ಸುಣ್ಣ ಹಚ್ಚಿದರೆ ಅವೇ ಪಾಂಡವರು. ಪೂಜೆ ಆಗುವವರೆಗೆ ಯಾರೂ ತಿನ್ನುವಂತಿಲ್ಲ. ಮಕ್ಕಳು ಕದ್ದು ಹೋಳಿಗೆ ಮುರಿಯುತ್ತಾರೆ, ಅದು ಬೇರೆ ಮಾತು.

ಆಮೇಲೆ ಚರಗ. ಮಾಡಿದ ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ತೆಗೆದು ಕಲೆಸಿ, ಒಬ್ಬರು ಹೊಲದ ತುಂಬ ಚೆಲ್ಲುತ್ತಾ ಹೋಗಬೇಕು. ಹಿಂದೆ ಇನ್ನೊಬ್ಬರು ತಂಬಿಗೆಯಿಂದ ನೀರು ಚಿಮುಕಿಸುತ್ತಾ ಬರಬೇಕು. 'ಹುಲ್ಲುಲ್ಲಿಗೋ' ಅಂತ ಕೂಗುತ್ತಾರೆ. ಕೂಗು ಊರಿಗೊಂದು ಥರ. ಭೂಮಿತಾಯಿ ಈಗ ಬಸುರಿ, ತೆನೆ ಹೊತ್ತು ನಿಂತಿದ್ದಾಳೆ, ಅವಳ ಬಯಕೆ ತೀರಿಸಬೇಕು ಅಂತ ನಮ್ಮತ್ತೆ ಹೇಳುತ್ತಿದ್ದರು. ಚೆಲ್ಲಿದ ಅನ್ನವನ್ನು ಹಕ್ಕಿ ತಿನ್ನುತ್ತವೆ, ಇರುವೆ ತಿನ್ನುತ್ತವೆ. ಆ ಹಕ್ಕಿಗಳೇ ಕಡಲೆಯ ಕಾಯಿಕೊರಕ ಹುಳುವನ್ನೂ ತಿನ್ನುತ್ತವೆ ಅಂತ ನಮ್ಮನೆಯವರು ಪ್ರತಿವರ್ಷ ಹೊಸದಾಗಿ ಕಂಡುಹಿಡಿದವರ ಹಾಗೆ ಹೇಳುತ್ತಾರೆ. ನಾನೂ ಪ್ರತಿವರ್ಷ ಹೌದೇನ್ರಿ ಅನ್ನುತ್ತೇನೆ.

ಈ ಸಲ ಚರಗ ಚೆಲ್ಲುವುದನ್ನು ಬೇರೆ ಕಣ್ಣಿಂದ ನೋಡಿದೆ. ನೋಟ್‌ಬುಕ್ಕಿನಲ್ಲಿ ಬರೆದದ್ದು ನನ್ನ ಮನಸ್ಸನ್ನು ಹಗುರ ಮಾಡಬಹುದು, ಆದರೆ ಅದು ನನ್ನ ಹತ್ತಿರವೇ ಉಳಿಯುತ್ತದೆ. ಚರಗ ಹಾಗಲ್ಲ. ಹೊಲದಿಂದ ಬಂದದ್ದರಲ್ಲಿ ಒಂದಿಷ್ಟು ಹೊಲಕ್ಕೇ ಹೋಗಬೇಕು. ಅದೂ ಫಸಲು ಕೈಗೆ ಬರುವ ಮುಂಚೆ. ಬೆಳೆ ಬರುತ್ತದೋ ಇಲ್ಲವೋ ಗೊತ್ತಿಲ್ಲ, ಜೋಳಕ್ಕೆ ಕಾಡಿಗೆ ರೋಗ ಬರಬಹುದು, ಅಕಾಲದ ಮಳೆ ಹೊಡೆದು ಕಡಲೆ ಹಾಳಾಗಬಹುದು. ಆದರೂ ಉಣಿಸುವುದು ಮೊದಲು. ಲೆಕ್ಕ ಆಮೇಲೆ.

ನಮ್ಮ ಎರೆಹೊಲದ ಪಕ್ಕದಲ್ಲಿ ಇನ್ನೊಂದು ಸಣ್ಣ ಹೊಲ ಇದೆ. ಅದರವರು ಗುಳೆ ಹೋಗಿದ್ದರು. ಬೆಂಗಳೂರಲ್ಲಿ ಕಟ್ಟಡದ ಕೆಲಸ. ಎರಡನೇ ಬೆಳೆಗೆ ನೀರಿಲ್ಲ ಅಂತ ಗೊತ್ತಾದ ಕೂಡಲೇ ಮನೆಗೆ ಬೀಗ ಹಾಕಿ, ಮುದುಕಿಯನ್ನು ತಮ್ಮನ ಮನೆಯಲ್ಲಿ ಬಿಟ್ಟು, ಮಕ್ಕಳನ್ನು ಕರೆದುಕೊಂಡು ಬಸ್ ಹತ್ತಿದ್ದರು. ಆ ಮಕ್ಕಳಲ್ಲಿ ಒಬ್ಬಳು ನಮ್ಮ ಶಾಲೆಯವಳು. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗೈರು ಹಾಕುವಾಗ ನನ್ನ ಬಲಪುಟಕ್ಕೆ ದಿನಾ ಒಂದು ಸಾಲು ಸಿಗುತ್ತಿತ್ತು. ಅಮಾವಾಸ್ಯೆ ದಿನ ಮಧ್ಯಾಹ್ನ ಅವಳ ತಾಯಿಯ ವಿಡಿಯೋ ಕಾಲ್ ಬಂತು. ಹಿಂದೆ ತಗಡಿನ ಶೆಡ್ಡು, ಸಿಮೆಂಟ್ ಚೀಲ.

'ಟೀಚರ್, ನಮ್ಮ ಹೊಲದಾಗೂ ಎರಡು ಹಿಡಿ ಚೆಲ್ರಿ. ಹಂಗ ಬಿಡಬಾರದು.'

ನಮ್ಮನೆಯವರು ಬದು ದಾಟಿ ಹೋದರು. ನಾನು ಹಿಂದೆ ತಂಬಿಗೆ ಹಿಡಿದು ಹೋದೆ. ಫೋನನ್ನು ಮಗ ಎತ್ತಿ ಹಿಡಿದಿದ್ದ. ಅವಳು ಅಲ್ಲಿಂದಲೇ, ಆ ಮೂಲಿಗೆ, ಈ ಮೂಲಿಗೆ, ಹುಣಸಿಗಿಡದ ಬುಡಕ್ಕ ಅಂತ ಹೇಳುತ್ತಾ ಚೆಲ್ಲಿಸಿದಳು. ಬೀಜವೇ ಹಾಕಿರದ ಬರಿ ಹೊಲ ಅದು. ಕಳೆ ಮಾತ್ರ ಇತ್ತು. ಮುಗಿದ ಮೇಲೆ, 'ಹೋಳಗಿ ಹ್ಯಾಂಗ ಆಗ್ಯಾವ?' ಅಂತ ಕೇಳಿದಳು. ಉಂಡ ಮೇಲೆ ಹೇಳುತ್ತೇನೆ ಅಂದೆ. ನನಗೊಂದು ಇಡ್ರಿ ಅಂದು ನಕ್ಕಳು. ಆ ರಾತ್ರಿ ನೋಟ್‌ಬುಕ್ ತೆಗೆದಾಗ ಇದನ್ನು ಯಾವ ಪುಟದಲ್ಲಿ ಬರೆಯಬೇಕು ಅಂತ ತಿಳಿಯಲಿಲ್ಲ. ಎರಡರಲ್ಲೂ ಬರೆದೆ.

ಇನ್ನು ಕೊಪ್ಪಳದ ಜಾತ್ರೆ. ಪುಷ್ಯ ಬಹುಳ ಬಿದಿಗೆಗೆ ಗವಿಮಠದ ತೇರು. ಈ ಸಲ ಸಂಕ್ರಾಂತಿಗಿಂತ ಮೊದಲೇ ಬಂತು. ನನ್ನ ತವರು ಕನಕಗಿರಿ ಕಡೆ. ಆ ಭಾಗದ ಹಳ್ಳಿಗಳಲ್ಲಿ ಜಾತ್ರೆಗೆ ವಾರಗಟ್ಟಲೆ ಮುಂಚೆ ರೊಟ್ಟಿ ಬಡಿಯುವ ಸದ್ದು ಶುರುವಾಗುತ್ತದೆ. ಗವಿಸಿದ್ಧೇಶ್ವರ ಅಜ್ಜನ ಮಹಾದಾಸೋಹಕ್ಕೆ ಊರೂರಿಂದ ಜೋಳದ ರೊಟ್ಟಿ ಹೋಗಬೇಕು. ಒಂದೆರಡಲ್ಲ, ಎಲ್ಲಾ ಊರಿನದು ಸೇರಿ ಲಕ್ಷಗಟ್ಟಲೆ. ಜೊತೆಗೆ ಮಾದಲಿ, ದವಸ, ತರಕಾರಿ, ಕಟ್ಟಿಗೆ. ಟ್ರ್ಯಾಕ್ಟರ್‌ನಲ್ಲಿ ಹೇರಿ, ಡೊಳ್ಳು ಬಾರಿಸುತ್ತಾ ಮೆರವಣಿಗೆಯಲ್ಲಿ ಒಯ್ಯುತ್ತಾರೆ. ಅಲ್ಲಿ ಉಣ್ಣುವವರು ಯಾರು ಅಂತ ಕೊಟ್ಟವರಿಗೆ ಗೊತ್ತಿರುವುದಿಲ್ಲ. ಮಾಡಿದವರು ಯಾರು ಅಂತ ಉಂಡವರಿಗೂ ಗೊತ್ತಿರುವುದಿಲ್ಲ. ದಿನಾ ರಾತ್ರಿ 'ಯಾರು' ಅಂತ ಕೇಳಿಕೊಳ್ಳುತ್ತಿದ್ದ ನನಗೆ ಇದು ಸ್ವಲ್ಪ ಕಸಿವಿಸಿ ಮಾಡಿತು. ಹೆಸರಿಲ್ಲದ ಕಡೆಯೂ ಋಣ ತೀರುತ್ತದೆಯೇ?

ರಜೆ ಹಾಕಿ ಒಂದು ದಿನ ತವರಿಗೆ ಹೋಗಿ ರೊಟ್ಟಿಗೆ ಕೂತೆ. ಓಣಿಯ ಹೆಂಗಸರೆಲ್ಲ ಒಂದೇ ಅಂಗಳದಲ್ಲಿ. ಸಾಲಾಗಿ ಒಲೆ, ಕೊಣಮಿಗೆ, ಹಿಟ್ಟಿನ ಗುಡ್ಡೆ. ಚಟಪಟ ಸದ್ದಿನಲ್ಲಿ ಮಾತು ಕೇಳಬೇಕೆಂದರೆ ಕೂಗಬೇಕು. ಬೇಯಿಸಿದ್ದನ್ನು ಒಲೆಯ ಸುತ್ತ ನಿಲ್ಲಿಸಿ ಗರಿಗರಿಯಾಗಿ ಕಟಿ ಮಾಡಿ ಗೋಣಿಚೀಲದ ಮೇಲೆ ಪೇರಿಸುತ್ತಿದ್ದರು. ಒಬ್ಬ ಹುಡುಗಿ, ಈ ವರ್ಷ ಪೈರಿಲ್ಲ, ರೊಟ್ಟಿ ಸ್ವಲ್ಪ ಕಡಿಮೆ ಮಾಡಿದರೆ ಆಗುವುದಿಲ್ಲವೇ ಅಂತ ಮೆಲ್ಲಗೆ ಕೇಳಿದಳು. ನ್ಯಾಯವಾದ ಮಾತೇ. ಹಿಟ್ಟು ಕಲೆಸುತ್ತಿದ್ದ ಹಿರಿಯಾಕೆ ತಲೆ ಎತ್ತಲಿಲ್ಲ.

'ಜ್ವಾಳ ಕೆನಾಲಿಂದ ಬೆಳೀತಾವೇನು? ಮಳೀಲೆ ಬೆಳೀತಾವ. ಸುಮ್ನ ಬಡಿ.'

ಎಲ್ಲರೂ ನಕ್ಕರು. ಆದರೆ ಆ ಮಾತಿನಲ್ಲಿ ಪಾಂಡಿತ್ಯವೇ ಇತ್ತು. ನೀರಾವರಿ ಬಂದ ಮೇಲೆ ನಮ್ಮ ಕಣ್ಣೆಲ್ಲ ಭತ್ತದ ಮೇಲೆ. ಸೋನಾಮಸೂರಿಯ ರೇಟಿನ ಮೇಲೆ. ಕಾಲುವೆ ಬತ್ತಿದರೆ ಬದುಕೇ ಬತ್ತಿತು ಅನ್ನುತ್ತೇವೆ. ಅಜ್ಜಿಯ ಕಾಲದಿಂದ ಎರೆಭೂಮಿಯ ತೇವದಲ್ಲೇ, ಇಬ್ಬನಿ ಕುಡಿದುಕೊಂಡೇ ಬೆಳೆಯುವ ಜೋಳ ಈ ಸಲವೂ ತನ್ನ ಪಾಡಿಗೆ ತಾನು ತೆನೆ ಬಿಟ್ಟಿತ್ತು. ಅದನ್ನು ನಾನು ನೋಟ್‌ಬುಕ್ಕಿನಲ್ಲಿ ಅಲ್ಲಿಯವರೆಗೆ ಒಂದು ಸಲವೂ ಬರೆದಿರಲಿಲ್ಲ. ಅದೇ ದಿನಾ ತಟ್ಟೆಗೆ ಬರುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಹೆಸರಿಲ್ಲದ ಋಣದ ಪ್ರಶ್ನೆಗೆ ನನಗೆ ಉತ್ತರವೇನೂ ಹೊಳೆಯಲಿಲ್ಲ. ರೊಟ್ಟಿ ಬಡಿಯುವಾಗ ಅದರ ಅವಸರವೂ ಕಾಣಲಿಲ್ಲ. ಭುಜ ಮಾತ್ರ ಮೂರು ದಿನ ನೋಯಿತು.

ಸಂಕ್ರಾಂತಿ ಬಗ್ಗೆ ಹೆಚ್ಚು ಬರೆಯುವುದಿಲ್ಲ. ನದಿಸ್ನಾನ ಆಯಿತು, ಸಂಜೆ ಕುಸುರೆಳ್ಳು ಹಂಚಿದ್ದಾಯಿತು. ಎಳ್ಳು ಬೆಲ್ಲದಂಗ ಇರೋಣ ಅಂತ ಎಲ್ಲರಿಗೂ ಹೇಳಿದ್ದಾಯಿತು, ಮಾತು ಬಿಟ್ಟವರಿಗೂ ಹೇಳಿದ್ದಾಯಿತು. ಅವರು ಕುಸುರೆಳ್ಳು ತಗೊಂಡರು, ಮಾತಾಡಲಿಲ್ಲ. ಪರವಾಗಿಲ್ಲ.

ಇದೆಲ್ಲದರ ನಡುವೆ ಇನ್ನೊಂದು ಅಧ್ಯಯನ ಓದಿದ್ದೆ. ಅಮಿತ್ ಕುಮಾರ್, ನಿಕೊಲಸ್ ಎಪ್ಲಿ ಎಂಬಿಬ್ಬರು 2018ರಲ್ಲಿ ಪ್ರಕಟಿಸಿದ್ದು. ಉಪಕಾರ ಮಾಡಿದವರಿಗೆ ಕೃತಜ್ಞತೆಯ ಪತ್ರ ಬರೆಯಿರಿ, ಓದಿ ಅವರಿಗೆ ಏನನ್ನಿಸಬಹುದು ಅಂತ ಮೊದಲೇ ಊಹಿಸಿ ಎಂದರು. ಬರೆದವರೆಲ್ಲ ಅವರಿಗೆ ಮುಜುಗರ ಆಗಬಹುದು ಅಂತ ಜಾಸ್ತಿ, ಖುಷಿ ಆಗಬಹುದು ಅಂತ ಕಡಿಮೆ ಅಂದಾಜು ಮಾಡಿದ್ದರು. ಆದದ್ದು ಉಲ್ಟಾ. ಪತ್ರ ಸಿಕ್ಕವರಿಗೆ ಅಂದುಕೊಂಡದ್ದಕ್ಕಿಂತ ಬಹಳ ಖುಷಿಯಾಗಿತ್ತು. ಸರಿ, ನೋಡೇ ಬಿಡೋಣ ಅಂತ ನಾನೂ ಹೊರಟೆ.

ಮೊದಲು ನಮ್ಮ ಉಪಕಾಲುವೆಯ ಗ್ಯಾಂಗ್‌ಮನ್. ಮುಂಗಾರು ಬೆಳೆಗೆ ಕೊನೆಯ ನೀರು ಬೇಕಿದ್ದಾಗ ರಾತ್ರಿಯೆಲ್ಲ ಟಾರ್ಚ್ ಹಿಡಿದು ದಂಡೆ ಮೇಲೆ ನಡೆದು, ತೂಬಿನ ಹತ್ತಿರ ಬೈಸಿಕೊಂಡು, ನಮ್ಮ ಕಡೆಗೆ ನೀರು ಮುಟ್ಟಿಸಿದ್ದ ಮನುಷ್ಯ. ಗುತ್ತಿಗೆ ನೌಕರ. ಸಂಬಳ ತಿಂಗಳುಗಟ್ಟಲೆ ತಡವಾಗುತ್ತದೆ. ಸಂತೆಯಲ್ಲಿ ಸಿಕ್ಕಾಗ ನಿಲ್ಲಿಸಿ, ಅವತ್ತು ನೀವು ಇಲ್ಲದಿದ್ದರೆ ನಮ್ಮ ಭತ್ತ ಕಾಳು ಕಟ್ಟುತ್ತಿರಲಿಲ್ಲ ಅಂದೆ. ಆತ ಒಂದು ಕ್ಷಣ ನನ್ನ ಹಿಂದೆ ಯಾರಾದರೂ ಇದ್ದಾರಾ ಅಂತ ನೋಡಿದ. ಆಮೇಲೆ ಕೈಯಲ್ಲಿದ್ದ ಚೀಲದಿಂದ ನಾಲ್ಕು ಬದನೆಕಾಯಿ ತೆಗೆದು ನನ್ನ ಚೀಲಕ್ಕೆ ಹಾಕಿದ. ಬೇಡ ಅಂದರೂ ಕೇಳಲಿಲ್ಲ. ಋಣ ತೀರಿಸಲು ಹೋಗಿ ಇನ್ನಷ್ಟು ಹೊತ್ತುಕೊಂಡು ಬಂದೆ. ಕುಮಾರ್, ಎಪ್ಲಿ ಈ ಬದನೆಕಾಯಿಯ ಬಗ್ಗೆ ಏನೂ ಬರೆದಿಲ್ಲ.

ಆಮೇಲೆ ನಮ್ಮ ಶಾಲೆಯ ಬಿಸಿಯೂಟದ ಅಕ್ಕ. 2002ರಲ್ಲಿ ಅಕ್ಷರ ದಾಸೋಹ ಮೊದಲು ಶುರುವಾದ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಆಕೆ ಹೆಚ್ಚುಕಡಿಮೆ ಅಲ್ಲಿಂದಲೇ ಅಡುಗೆ ಮಾಡುತ್ತಿದ್ದಾರೆ. ಆಗ ಆಕೆಯ ಕೈಯಲ್ಲಿ ಉಂಡವರ ಮಕ್ಕಳು ಈಗ ಉಣ್ಣುತ್ತಿದ್ದಾರೆ. ಯಾವ ಮಗು ಬೆಳಿಗ್ಗೆ ಏನೂ ತಿನ್ನದೆ ಬಂದಿದೆ ಅಂತ ಹಾಜರಿ ಪುಸ್ತಕ ನೋಡುವ ನನಗೆ ಗೊತ್ತಾಗುವುದಿಲ್ಲ, ಆಕೆಗೆ ಗೊತ್ತಾಗುತ್ತದೆ. ಅಂಥ ಮಗುವಿನ ತಟ್ಟೆಗೆ ಕೇಳದೆ ಇನ್ನೊಂದು ಸೌಟು ಬೀಳುತ್ತದೆ. ಗುಳೆ ಹೋದ ಹುಡುಗಿ ದಿನಾ ಕೂರುತ್ತಿದ್ದ ಜಾಗ ಯಾವುದು ಅಂತಲೂ ಆಕೆಗೆ ನೆನಪಿದೆ. ಕೈಗೆ ಬರುವುದು ಸಂಬಳವಲ್ಲ, ಗೌರವಧನ. ಅದೂ ಸರಿಯಾದ ಹೊತ್ತಿಗೆ ಬರುವುದಿಲ್ಲ.

ಆಕೆಗೆ ಓದು ಅಷ್ಟಾಗಿ ಬರುವುದಿಲ್ಲ. ಹಾಗಾಗಿ ಪತ್ರ ಬರೆದು, ಮಧ್ಯಾಹ್ನ ಪಾತ್ರೆ ತೊಳೆದು ಮುಗಿದ ಮೇಲೆ ಅಡುಗೆಕೋಣೆಯ ಕಟ್ಟೆ ಮೇಲೆ ಕೂತು ನಾನೇ ಓದಿದೆ. ಸೌಟಿನ ವಿಷಯ, ಹುಡುಗಿಯ ಜಾಗದ ವಿಷಯ, ನನಗೆ ಜ್ವರ ಬಂದಾಗ ಕಷಾಯ ಕಾಸಿ ಕೊಟ್ಟ ವಿಷಯ, ಎಲ್ಲಾ ಬರೆದಿದ್ದೆ. ಓದುತ್ತಾ ಓದುತ್ತಾ ನನ್ನ ದನಿಯೇ ಸ್ವಲ್ಪ ತಡವರಿಸಿತು. ಆಕೆ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ಕೂತಿದ್ದರು. ಮುಗಿದ ಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ.

'ಚಲೋ ಬರದೀರಿ ಟೀಚರ್' ಅಂದರು. 'ಇನ್ನೊಂದು ಸಲ ಓದ್ರಿ.'

ಇನ್ನೊಂದು ಸಲ ಓದಿದೆ.

'ಇಷ್ಟು ಚಂದಾಗಿ ಬರಿಯಾಕ ಬರತೈತಿ ನಿಮಗ. ಹಂಗಾರ ನಮ್ಮ ಗೌರವಧನದ ಅರ್ಜಿನೂ ನೀವ ಬರದು ಕೊಡ್ರಿ. ಆರು ಮಂದಿ ಅಡಿಗಿಯವರು ಅದೀವಿ ಈ ಸುತ್ತಿನಾಗ. ಎಲ್ಲರ ಸಹಿ ನಾನು ಹಾಕಿಸ್ಕೊಂಡು ಬರ್ತೀನಿ.'

ನೋಟ್‌ಬುಕ್ಕಿನ ಬಲಪುಟದಲ್ಲಿ ಜಾಗ ಇತ್ತು. ಅಲ್ಲೇ ಕೂತು ಕರಡು ಶುರು ಮಾಡಿದೆವು. ಯಾರಿಗೆ ಬರೆಯಬೇಕು ಅಂತ ಆಕೆ ಹೇಳುತ್ತಾ ಹೋದರು, ತಾಲ್ಲೂಕು ಪಂಚಾಯಿತಿಯಿಂದ ಮೇಲಿನವರೆಗೆ. ಒಬ್ಬರನ್ನೂ ಬಿಡಲಿಲ್ಲ.